ಗೆರೆಯತ್ತ ಚಾಚಿದ ಕೈ

ವೆಸ್ಟ್ ವಿಂಡ್ಸರ್, ನ್ಯೂಜೆರ್ಸಿ
೩ ನವೆಂಬರ್ ೨೦೨೫, ಸೋಮವಾರ

ಡಾ. ಪ್ರಭಾ ಅವರಿಗೆ ನಮಸ್ಕಾರಗಳು.

ನನ್ನ ಹೆಸರು ನಾಗರಾಜ. ಊರು ಮದ್ದೂರಿನ ಹತ್ತಿರ. ಇಲ್ಲಿ ನೀರು ಸರಬರಾಜಿನ ಪೈಪುಗಳ ವಿನ್ಯಾಸ ಮಾಡುವ ಇಂಜಿನಿಯರು. ನಿನ್ನೆ ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಮನ್ರೋದ ಅರವಿಂದ್ ನಿಮ್ಮ ವಿಷಯ ಹೇಳಿದರು. "ಫ್ಲೋರಲ್ ಪಾರ್ಕಲ್ಲಿ ಧಾರವಾಡದವರು ಒಬ್ರು ಡಾಕ್ಟ್ರು ಇದಾರೆ. ವೀಕೆಂಡ್ ಬಂದ್ರೆ ಹೈಸ್ಕೂಲ್ ಫುಟ್‌ಬಾಲಿಗೆ ರೆಫರಿ. ಫೋನ್ ಮಾಡಿದ್ರೆ ಎತ್ತಲ್ಲ, ಬರೆದ್ರೆ ಉತ್ತರ ಬರುತ್ತೆ" ಅಂದರು. ಆದ್ದರಿಂದ ಬರೆಯುತ್ತಿದ್ದೇನೆ. ಇಷ್ಟು ಉದ್ದ ಕನ್ನಡ ಟೈಪ್ ಮಾಡಿ ಬಹಳ ಕಾಲವಾಯಿತು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಪರಿಚಯದವರೊಬ್ಬರ ಮಗ ಇಲ್ಲಿನ ಹೈಸ್ಕೂಲ್ ತಂಡದಲ್ಲಿ ಆಡುತ್ತಾನೆ, ನಮ್ಮೂರಿನ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಶನಿವಾರ ಮಧ್ಯಾಹ್ನ ಪ್ಲೇಆಫ್ ಪಂದ್ಯ, ಸೋತವರು ಮನೆಗೆ. ಇವರದು ಇಪ್ಪತ್ತು, ಎದುರಿನವರದು ಇಪ್ಪತ್ತೊಂದು. ಆಟ ಮುಗಿಯುವ ಹೊತ್ತು. ಹುಡುಗ ಚೆಂಡು ಹಿಡಿದು ಮೈದಾನದ ಬಲ ಅಂಚಿನಲ್ಲಿ ಓಡಿದ. ಗೋಲ್ ಲೈನ್ ಇನ್ನೆರಡು ಹೆಜ್ಜೆ ಇರುವಾಗ ಹಿಂದಿನಿಂದ ಒಬ್ಬ ಹಿಡಿದು ಬೀಳಿಸಿದ. ಬೀಳುವಾಗ ಹುಡುಗ ಚೆಂಡಿದ್ದ ಕೈಯನ್ನು ಗೆರೆಯತ್ತ ಚಾಚಿದ. ಕೈಯಲ್ಲಿದ್ದ ಚೆಂಡು ಗೆರೆ ಮುಟ್ಟಿದ್ದರೆ ಸಾಕಿತ್ತು, ಆರು ಅಂಕ. ಚೆಂಡು ಕೈಜಾರಿತು. ಅದು ಗೆರೆ ದಾಟಿ ಎಂಡ್ ಝೋನಿನೊಳಗೆ ಉರುಳಿ, ಪಕ್ಕದಿಂದ ಮೈದಾನದ ಆಚೆ ಹೋಯಿತು. ಯಾರೂ ಹಿಡಿಯಲಿಲ್ಲ. ರೆಫರಿ ಬಂದು ಕೈಬೀಸಿ 'ಟಚ್‌ಬ್ಯಾಕ್' ಅಂದ. ಅಂದರೆ ಚೆಂಡು ಎದುರಿನವರಿಗೆ, ಅದೂ ಇಪ್ಪತ್ತು ಗಜದ ಗೆರೆಯಿಂದ ಆರಾಮಾಗಿ. ಆಟ ಅಲ್ಲಿಗೆ ಮುಗಿಯಿತು.

ನನ್ನ ಪ್ರಶ್ನೆ ಇಷ್ಟೇ. ಇದು ಯಾವ ನ್ಯಾಯ? ಅದೇ ಚೆಂಡು ಗೆರೆಗೆ ಒಂದಡಿ ಈಚೆ ಪಕ್ಕಕ್ಕೆ ಹೋಗಿದ್ದರೆ ಹುಡುಗನ ತಂಡಕ್ಕೇ ವಾಪಸು ಸಿಗುತ್ತಿತ್ತಂತೆ. ಒಂದಡಿ ಆಚೆ ಹೋದರೆ ಎಲ್ಲವೂ ಎದುರಿನವರಿಗಂತೆ. ಡೈರಿಯವರೆಗೆ ಹೊತ್ತು ತಂದ ಹಾಲು ಹೊಸ್ತಿಲ ಮೇಲೆ ಚೆಲ್ಲಿತು ಅಂತ ಹಸುವನ್ನೇ ಪಕ್ಕದ ಮನೆಯವನಿಗೆ ಹೊಡೆದುಕೊಟ್ಟು ಬರಬೇಕೆ?

ಎರಡನೇ ಪಿಯುಸಿಯ ಭೌತಶಾಸ್ತ್ರದಲ್ಲಿ ಮರುಮೌಲ್ಯಮಾಪನಕ್ಕೆ ಹಾಕಿ ಹನ್ನೆರಡು ಅಂಕ ಹೆಚ್ಚು ಪಡೆದವನು ನಾನು. ಆ ಅಂಕದಿಂದಲೇ ಇಂಜಿನಿಯರಿಂಗ್ ಸೀಟು, ಆ ಸೀಟಿನಿಂದಲೇ ಈ ದೇಶ. ತಿದ್ದುವವರೂ ಮನುಷ್ಯರೇ ಎಂದು ಅಂದೇ ಕಲಿತೆ. ಇಲ್ಲಿಯೂ ಅಂಥ ದಾರಿಯೊಂದು ಇದ್ದೇ ಇರಬೇಕು. ಯಾರಿಗೆ ಅರ್ಜಿ ಹಾಕಬೇಕು, ಕೊನೆಯ ದಿನ ಯಾವುದು, ದಯವಿಟ್ಟು ತಿಳಿಸಿ.

ಇತಿ,
ನಾಗರಾಜ


ಫ್ಲೋರಲ್ ಪಾರ್ಕ್, ಕ್ವೀನ್ಸ್
೫ ನವೆಂಬರ್ ೨೦೨೫

ನಾಗರಾಜ ಅವರಿಗೆ,

ಪತ್ರ ತಲುಪಿತು. ಮೊದಲು ಎರಡು ತಿದ್ದುಪಡಿ. ನಾನು ರೆಫರಿ ಅಲ್ಲ. ಬಿಳಿ ಟೋಪಿಯವನೊಬ್ಬನೇ ರೆಫರಿ, ನಾನು ಪಕ್ಕದ ಗೆರೆ ಕಾಯುವ ಲೈನ್ ಜಡ್ಜ್. ಎರಡನೆಯದು, ನಾನು ಫೋನ್ ಎತ್ತುತ್ತೇನೆ. ಅರವಿಂದ್ ಅವರದು ಮಾತ್ರ ಎತ್ತುವುದಿಲ್ಲ.

ವಾರವೆಲ್ಲ ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಲೈಡು ನೋಡುವುದು ನನ್ನ ಕೆಲಸ. ಶನಿವಾರ ಪಟ್ಟೆ ಅಂಗಿ ತೊಟ್ಟು ಹೊರಟರೆ ನಮ್ಮ ಮನೆಯವರು, "ಹೊಂಟ್ಲು ನೋಡ್ರಿ, ಮಂದಿ ಹುಡುಗ್ರ ಜಗಳಾ ಬಿಡಸಾಕ" ಅನ್ನುತ್ತಾರೆ. ಮಗಳ ಶಾಲೆಯಲ್ಲಿ ಒಮ್ಮೆ ಜನ ಸಾಲದೆ ಬಿದ್ದಾಗ ಸುಮ್ಮನೆ ಸೇರಿಕೊಂಡೆ. ಮಗಳು ಓದು ಮುಗಿಸಿ ಹೋದಳು, ನಾನು ಉಳಿದೆ.

ಇನ್ನು ನಿಮ್ಮ ಹಸು. ಉದಾಹರಣೆ ಚೆನ್ನಾಗಿದೆ, ಆದರೆ ಹೊಸ್ತಿಲು ನಿಮ್ಮದಲ್ಲ. ಎಂಡ್ ಝೋನ್ ಎಂಬುದು ಅದನ್ನು ಕಾಯುವ ಎದುರು ತಂಡದವರ ಮನೆ. ಅದರೊಳಕ್ಕೆ ಚೆಂಡನ್ನು ನೀವು ಬೀಳಿಸಿ, ಅದು ಯಾರ ಕೈಗೂ ಸಿಗದೆ ಆಚೆ ಹೋದರೆ ಅದು ಅವರಿಗೆ ಸೇರುತ್ತದೆ. ಮೈದಾನದ ಮಧ್ಯದಲ್ಲಿ ಬೀಳಿಸಿದ ಚೆಂಡು ಪಕ್ಕಕ್ಕೆ ಹೋದರೆ ಬೀಳಿಸಿದ ಜಾಗಕ್ಕೇ ವಾಪಸು, ನಿಮ್ಮ ತಂಡಕ್ಕೇ. ಎರಡೂ ಒಂದೇ ತಪ್ಪು, ಶಿಕ್ಷೆ ಮಾತ್ರ ಬೇರೆ ಬೇರೆ. ಈ ದೇಶದ ಅರ್ಧ ಜನಕ್ಕೆ ಈ ನಿಯಮ ಕಂಡರೆ ಆಗುವುದಿಲ್ಲ. ಪ್ರತಿ ವರ್ಷ ಟೀವಿಯಲ್ಲಿ ಕೂಗಾಡುತ್ತಾರೆ. ಆದರೂ ನಿಯಮ ಹಾಗೆಯೇ ಇದೆ, ಶನಿವಾರ ಶನಿವಾರ ನಾವು ಅದನ್ನೇ ಹೇಳುತ್ತೇವೆ.

ಒಂದು ಒಳಸುಳಿ ಇದೆ. ಚೆಂಡು ಗೆರೆ ದಾಟಿದ್ದು ಯಾರ ಬಲದಿಂದ ಎಂದು ನಾವು ನೋಡಬೇಕು. ಕೈಜಾರಿದ ವೇಗದಲ್ಲೇ ಉರುಳಿ ದಾಟಿದರೆ ಬೀಳಿಸಿದವನ ಬಲ, ಟಚ್‌ಬ್ಯಾಕ್. ಆದರೆ ನೆಲಕ್ಕೆ ಬಿದ್ದ ಚೆಂಡು ಗೆರೆಯ ಈಚೆಯೇ ನಿಂತು, ಆಮೇಲೆ ಕಾಯುವವನೊಬ್ಬ ಹಿಡಿಯಲು ಹೋಗಿ ತಳ್ಳಿಬಿಟ್ಟರೆ ಅದು ಅವನ ಬಲ. ತನ್ನ ಮನೆಯೊಳಕ್ಕೆ ತಾನೇ ತಳ್ಳಿ ಆಚೆ ಕಳಿಸಿದ ಹಾಗೆ. ಅದಕ್ಕೆ ಸೇಫ್ಟಿ ಎನ್ನುತ್ತಾರೆ, ಚೆಂಡು ಹೊತ್ತು ತಂದ ತಂಡಕ್ಕೆ ಎರಡು ಅಂಕ. ಇದು ಅಪರೂಪ. ಓಡುತ್ತಾ ನೋಡುವವರಿಗೆ ಕಾಣುವುದು ಇನ್ನೂ ಅಪರೂಪ.

ಮರುಮೌಲ್ಯಮಾಪನ ಇಲ್ಲ. ಶಾಲೆಗಳ ಆಟದಲ್ಲಿ ವಿಡಿಯೊ ನೋಡಿ ತಿದ್ದುವುದಿಲ್ಲ, ಮುಗಿದ ಪಂದ್ಯದ ಅಂಕ ಬದಲಾಗುವುದಿಲ್ಲ. ಅರ್ಜಿ ಯಾರಾದರೂ ಹಾಕಬಹುದು. ಉತ್ತರ ನನಗೆ ಈಗಲೇ ಗೊತ್ತು.

ಹುಡುಗ ಹೇಗಿದ್ದಾನೆ ಎಂದು ನೀವು ಬರೆಯಲಿಲ್ಲ. ನಿಮ್ಮ ಪರಿಚಯದವರನ್ನು ಕೇಳಿ ತಿಳಿಸಿ.

ಪ್ರಭಾ


ವೆಸ್ಟ್ ವಿಂಡ್ಸರ್
೭ ನವೆಂಬರ್ ೨೦೨೫

ಪ್ರಭಾ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕೊನೆಯ ಸಾಲು ಓದಿ ನನ್ನ ಹೆಂಡತಿ ತನುಶ್ರೀ, "ಅವ್ರಿಗೆ ಗೊತ್ತಾಗೋಗಿದೆ ಕಣ್ರೀ, ಸುಮ್ನೆ ಒಪ್ಕೊಳ್ಳಿ" ಎಂದು ನಕ್ಕಳು. ಹೌದು, ನನ್ನ ಮಗನೇ. ಅಭಿನವ್. ಹನ್ನೆರಡನೇ ಕ್ಲಾಸು.

ಹೇಗಿದ್ದಾನೆ ಅಂದರೆ, ಶಾಲೆಯ ಹೆಸರಿರುವ ಅವನ ಜಾಕೆಟ್ಟು ಗ್ಯಾರೇಜಿನಲ್ಲಿ ನೇತಾಡುತ್ತಿದೆ. ಊಟಕ್ಕೆ ಬರುತ್ತಾನೆ, ತಟ್ಟೆ ತೊಳೆದಿಟ್ಟು ಮೇಲೆ ಹೋಗುತ್ತಾನೆ. ಕೇಳಿದ್ದಕ್ಕೆಲ್ಲ 'ಫೈನ್'. ೨೭ರ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ ಪಕ್ಕದ ಊರಿನ ಶಾಲೆಯ ಮೇಲೆ ಪ್ರತಿ ವರ್ಷದ ಪಂದ್ಯ ಇದೆ. ಅದೇ ಅವನ ಕೊನೆಯ ಪಂದ್ಯ. ಕಾಲೇಜಿನಲ್ಲಿ ಆಡುವಷ್ಟು ಗಾತ್ರ ನಮ್ಮ ವಂಶದಲ್ಲಿ ಯಾರಿಗೂ ಬಂದಿಲ್ಲ. ಆ ಪಂದ್ಯಕ್ಕೂ ಇಳಿಯುವುದಿಲ್ಲ ಎನ್ನುತ್ತಿದ್ದಾನೆ. ಎಂಟು ವರ್ಷದ ಹುಡುಗನಿದ್ದಾಗಿನಿಂದ ಆಡಿದ ಆಟ ಹೀಗೆ ಮುಗಿಯಬಾರದು ಮೇಡಂ. ಸೋಲು ಅವನಿಂದಲ್ಲ ಎಂದು ಒಂದು ಕಾಗದ ಬಂದರೆ ಇಳಿಯುತ್ತಾನೆ. ಆದ್ದರಿಂದಲೇ ಈ ತೀರ್ಪು ಬದಲಾಗಬೇಕು.

ಅರ್ಜಿ ಹಾಕಬಹುದು ಎಂದು ನೀವೇ ಬರೆದಿದ್ದೀರಿ. 'ನಿಂತ ಚೆಂಡಿನ' ಭಾಗವನ್ನು ಓದಿದ ಮೇಲಂತೂ ಎದ್ದು ಕೂತೆ. ಎರಡು ಅಂಕ! ಇಪ್ಪತ್ತೆರಡು-ಇಪ್ಪತ್ತೊಂದು! ತನುಶ್ರೀ ಫೋನಿನಲ್ಲಿ ತೆಗೆದ ವಿಡಿಯೊ ಲಗತ್ತಿಸಿದ್ದೇನೆ. ನಾನು ಅದನ್ನು ಸದ್ದು ನಿಲ್ಲಿಸಿ, ಅತಿ ನಿಧಾನವಾಗಿ ಓಡಿಸಿ, ಕಣ್ಣು ಉರಿಯುವವರೆಗೆ ನೋಡಿದ್ದೇನೆ. ಗೆರೆಯ ಹತ್ತಿರ ಚೆಂಡು ನಿಂತ ಹಾಗೆ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ನಿಮ್ಮಂಥ ಕಣ್ಣು ನೋಡಿ ಹೇಳಬೇಕು.

ಶಾಲೆಯ ಕ್ರೀಡಾ ನಿರ್ದೇಶಕರಿಗೂ ಬರೆದೆ. ನಿಮ್ಮ ಭಾವನೆ ಅರ್ಥವಾಗುತ್ತದೆ ಎಂದು ಉತ್ತರ ಬಂತು. ಇಲ್ಲಿ ಹಾಗೆಂದರೆ ಇನ್ನು ಬರೆಯಬೇಡಿ ಎಂದರ್ಥ. ಆದರೆ ರಾಜ್ಯ ಮಟ್ಟದ ಕ್ರೀಡಾ ಸಂಸ್ಥೆ ಇದೆಯಲ್ಲ? ಅರ್ಜಿ ಸಿದ್ಧವಾಗುತ್ತಿದೆ. ಅಭಿನವ್ ನೋಡಿ, "ಅಪ್ಪ, ಪ್ಲೀಸ್ ಸ್ಟಾಪ್" ಅಂದ. ಮಕ್ಕಳಿಗೆ ತಮ್ಮ ಹಕ್ಕು ಗೊತ್ತಿರುವುದಿಲ್ಲ.

ನಾಗರಾಜ


ಫ್ಲೋರಲ್ ಪಾರ್ಕ್
೧೦ ನವೆಂಬರ್ ೨೦೨೫

ನಾಗರಾಜ ಅವರೇ,

ವಿಡಿಯೊ ನೋಡಿದೆ. ಚೆಂಡಿನ ವಿಷಯ ಸ್ಪಷ್ಟವಿಲ್ಲ. ಒಬ್ಬನ ಮೊಣಕಾಲು ಅಡ್ಡ ಬರುತ್ತದೆ. ಇದನ್ನು ನಂಬಿಕೊಂಡು ಅರ್ಜಿ ಹಾಕಬೇಡಿ.

ನನ್ನದೊಂದು ಪ್ರಶ್ನೆ. ಚೆಂಡಿಗಿಂತ ಹುಡುಗನ ಕೈ ನನ್ನನ್ನು ಹೆಚ್ಚು ಕಾಡಿತು. ಗೆರೆಯ ಹತ್ತಿರ ಬಂದಾಗ ಎರಡೂ ಕೈಯಿಂದ ಚೆಂಡನ್ನು ಎದೆಗೆ ಅವುಚಿಕೊಳ್ಳಬೇಕು ಎಂದು ಪುಟ್ಟ ಮಕ್ಕಳಿಗೂ ಹೇಳಿಕೊಡುತ್ತಾರೆ. ಚಾಚುವುದನ್ನು ಯಾವ ಕೋಚೂ ಕಲಿಸುವುದಿಲ್ಲ. ಚಾಚಿದ ಚೆಂಡು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾವಿಬ್ಬರೂ ಪತ್ರ ಬರೆದುಕೊಳ್ಳುತ್ತಿರುವುದೇ ಸಾಕ್ಷಿ. ಟೀವಿಯ ಆಟಗಾರರು ಚಾಚುತ್ತಾರೆ, ನಿಜ. ಅವರು ಚಾಚುವ ರೀತಿ ಬೇರೆ. ನಿಮ್ಮ ಹುಡುಗ ಭುಜ ನೆಲಕ್ಕೆ ಕೊಟ್ಟು, ಸೊಂಟದಿಂದ ಉದ್ದವಾಗಿ, ಬೆರಳ ತುದಿಯವರೆಗೆ ಚಾಚಿದ್ದಾನೆ. ಕೈಯಲ್ಲಿ ಚೆಂಡಿದೆ ಎಂಬುದನ್ನೇ ಮರೆತವನ ಹಾಗೆ. ಈ ಚಾಚು ನಾನು ಎಲ್ಲೋ ನೋಡಿದ್ದೇನೆ, ಫುಟ್‌ಬಾಲ್ ಮೈದಾನದಲ್ಲಿ ಅಲ್ಲ.

ಇದನ್ನು ಅವನು ಎಲ್ಲಿ ಕಲಿತ?

ಈ ವಾರ ಇಲ್ಲಿ ಚಳಿ ಜೋರು. ಹಿಲ್‌ಸೈಡ್ ಅವೆನ್ಯೂದ ಅಂಗಡಿಯಲ್ಲಿ ಜೋಳದ ಹಿಟ್ಟು ಮುಗಿದಿದೆ ಎಂದು ನಮ್ಮ ಮನೆಯಲ್ಲಿ ಅಸಮಾಧಾನ. ಇದಕ್ಕೂ ಒಂದು ಅರ್ಜಿ ಇದ್ದರೆ ತಿಳಿಸಿ.

ಪ್ರಭಾ


ವೆಸ್ಟ್ ವಿಂಡ್ಸರ್
೧೧ ನವೆಂಬರ್ ೨೦೨೫

ಪ್ರಭಾ ಮೇಡಂ,

ನಾನು ಚೆಂಡಿನ ಬಗ್ಗೆ ಕೇಳಿದೆ, ನೀವು ಕೈ ಬಗ್ಗೆ ಕೇಳುತ್ತೀರಿ. ಇರಲಿ, ಹೇಳುತ್ತೇನೆ. ಹೇಳಿಕೊಳ್ಳಲು ಹೆಮ್ಮೆಯ ವಿಷಯವೇ.

ಕಲಿಸಿದವನು ನಾನು. ನೀವು ನೋಡಿದ್ದು ಕಬಡ್ಡಿ. ಮೈಸೂರು ವಿಶ್ವವಿದ್ಯಾಲಯದ ತಂಡಕ್ಕೆ ಎರಡು ವರ್ಷ ಆಡಿದವನು ನಾನು. ನಮ್ಮ ಕಡೆ ರೇಡಿಗೆ ಹೋದವನನ್ನು ಐದು ಜನ ಮೇಲೆ ಬಿದ್ದು ಅಮುಕಿದರೂ ಆಟ ಮುಗಿಯಿತು ಅಂತಲ್ಲ. ಉಸಿರಿರುವವರೆಗೆ ಚಾಚಬೇಕು. ಮಧ್ಯದ ಗೆರೆಗೆ ಒಂದು ಬೆರಳ ತುದಿ ತಾಗಿದರೂ ಸಾಕು, ಹಿಡಿದ ಐದೂ ಜನ ಔಟು. ನಾನು ಒಮ್ಮೆ ಹುಬ್ಬಳ್ಳಿಯಲ್ಲಿ ಕಿರುಬೆರಳಿನಿಂದ ಪಂದ್ಯ ಗೆಲ್ಲಿಸಿದ್ದೇನೆ.

ಇಲ್ಲಿ ಬಂದ ಮೇಲೆ ಕಬಡ್ಡಿ ಯಾರಿಗೆ ಹೇಳುವುದು? ಅಭಿನವ್ ಸಣ್ಣವನಿದ್ದಾಗ ಮನೆ ಹಿಂದಿನ ಹುಲ್ಲಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಶುರು ಮಾಡಿದೆ. ಹುಲ್ಲಿನ ಅಂದ ಕೆಡುತ್ತದೆ ಎಂದು ಬಡಾವಣೆಯ ಮನೆಮಾಲೀಕರ ಸಂಘದವರು, ಎಚ್‌ಒಎ, ನೋಟಿಸು ಕೊಟ್ಟರು, ಅಳಿಸಿ ಮತ್ತೆ ಎಳೆದೆ. ನಾನು ಅವನ ಕಾಲು ಹಿಡಿಯುತ್ತಿದ್ದೆ, ಅವನು ಚಾಚುತ್ತಿದ್ದ. ಪ್ರತಿ ಬೇಸಿಗೆ ಅದೇ ಆಟ. ಅವನು ಫುಟ್‌ಬಾಲ್ ಸೇರಿದಾಗ ನನಗೆ ಅದರ ತಲೆಬುಡ ಗೊತ್ತಿರಲಿಲ್ಲ. ಆದರೆ ಒಂದು ಮಾತು ನನ್ನಿಂದಲೂ ಹೇಳಬಹುದಿತ್ತು. "ಬಿದ್ರೂ ಪರವಾಗಿಲ್ಲ ಮಗನೆ, ಕೈ ಗೆರೆ ಮುಟ್ಟಿರಬೇಕು." ಪ್ರತಿ ಪಂದ್ಯದ ಬೆಳಿಗ್ಗೆ ಇದನ್ನೇ ಹೇಳಿ ಕಳಿಸುತ್ತೇನೆ.

ಅಂದ ಮೇಲೆ ಅವನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ ಎಂದಾಯಿತಲ್ಲವೆ? ಇದನ್ನೂ ಅರ್ಜಿಯಲ್ಲಿ ಸೇರಿಸುತ್ತೇನೆ. ಶುಕ್ರವಾರ ಕಳಿಸುತ್ತಿದ್ದೇನೆ. ಅದಕ್ಕೂ ಮುಂಚೆ ಕೋಚ್ ಅವರನ್ನು ಕಂಡು ಅವರ ಬೆಂಬಲ ಕೇಳುತ್ತೇನೆ.

ನಾಗರಾಜ


ಫ್ಲೋರಲ್ ಪಾರ್ಕ್
೧೨ ನವೆಂಬರ್ ೨೦೨೫

ನಾಗರಾಜ ಅವರೇ,

ಕೋಚ್ ಹತ್ತಿರ ಹೋಗುವ ಮುಂಚೆ ಆ ವಿಡಿಯೊವನ್ನು ಇನ್ನೊಂದು ಸಲ ನೋಡಿ. ನಿಧಾನವಾಗಿ ಅಲ್ಲ, ಇದ್ದ ವೇಗದಲ್ಲಿ. ಸದ್ದು ಪೂರ್ತಿ ಇಟ್ಟುಕೊಂಡು.

ನಿಮ್ಮ ಅರ್ಜಿ ಓದುವ ಯಾರಿಗೂ ಅದು ಅರ್ಥವಾಗುವುದಿಲ್ಲ. ನನಗೆ ಆಯಿತು, ನಿಮಗೂ ಆಗುತ್ತದೆ. ನಿಮ್ಮ ಮಗನಿಗೆ ಆ ಹೊತ್ತಿಗೇ ಆಗಿತ್ತು ಎಂದು ನನಗನಿಸುತ್ತದೆ.

ಪ್ರಭಾ


ವೆಸ್ಟ್ ವಿಂಡ್ಸರ್
೨೦ ನವೆಂಬರ್ ೨೦೨೫

ಪ್ರಭಾ ಅವರೇ,

ವಾರದಿಂದ ಬರೆಯಲಿಲ್ಲ. ಬರೆಯಲು ಕೂತರೆ ಎದ್ದು ಹೋಗುತ್ತಿದ್ದೆ.

ಸದ್ದು ಇಟ್ಟುಕೊಂಡು ನೋಡಿದೆ. ತನುಶ್ರೀ ನನ್ನ ಪಕ್ಕದಲ್ಲೇ ಕೂತು ವಿಡಿಯೊ ತೆಗೆದದ್ದರಿಂದ ನನ್ನ ಧ್ವನಿ ಎಲ್ಲರಿಗಿಂತ ಮೇಲೆ ಕೇಳುತ್ತದೆ. ಹುಡುಗ ಅಂಚಿಗೆ ತಿರುಗುತ್ತಾನೆ. ಮೊದಲು ಚೆಂಡನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಾನೆ. ನೀವು ಹೇಳಿದ ಹಾಗೆಯೇ, ಕೋಚ್ ಕಲಿಸಿದ ಹಾಗೆಯೇ. ಹಿಂದಿನವನು ಹಿಡಿಯುತ್ತಾನೆ. ಆಗ ನಾನು ಎದ್ದು ನಿಂತು ಕೂಗುತ್ತೇನೆ, "ಚಾಚೋ! ಕೈ ಚಾಚೋ ಮಗನೆ! ಚಾಚು!" ಅವನ ಬಲಗೈ ಚೆಂಡಿನ ಸಮೇತ ಎದೆಯಿಂದ ಬಿಡಿಸಿಕೊಂಡು ಹೊರಗೆ ಬರುವುದು ಅದಾದ ಮೇಲೆ. ಅಷ್ಟು ಜನ ಇಂಗ್ಲಿಷಿನಲ್ಲಿ ಕೂಗುತ್ತಿದ್ದಾರೆ. ಕನ್ನಡದ್ದು ಒಂದೇ ಧ್ವನಿ. ಅವನಿಗೆ ಕೇಳದೆ ಇರುತ್ತದೆಯೆ?

ನಾನು ಕೂಗಿದ್ದು ನನಗೆ ನೆನಪೇ ಇರಲಿಲ್ಲ. ಅಷ್ಟು ದಿನ ಸದ್ದು ನಿಲ್ಲಿಸಿಯೇ ನೋಡಿದ್ದೆ.

ಆಮೇಲೂ ಕೋಚ್ ಹತ್ತಿರ ಹೋದೆ. ಅರ್ಜಿ ಕೊಡಲು ಅಲ್ಲ, ಅವನು ಏನು ಹೇಳಿದ್ದಾನೆ ಎಂದು ತಿಳಿಯಲು. ಕೋಚ್ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವರು ಹೇಳಿದ್ದು ಇಷ್ಟು. "ಮೂರು ವರ್ಷದಿಂದ ಎಲ್ಲರಿಗೂ ಒಂದೇ ಮಾತು ಹೇಳಿದ್ದೇನೆ, ಗೆರೆ ಹತ್ತಿರ ಕೈ ಚಾಚಬೇಡಿ ಅಂತ. ಯಾಕೆ ಚಾಚಿದೆ ಅಂತ ಕೇಳಿದೆ. ಮರೆತುಹೋಯಿತು ಅಂದ. ಬೇರೆ ಏನೂ ಹೇಳಲಿಲ್ಲ. ಮರೆಯುವವನನ್ನು ಕೊನೆಯ ಪಂದ್ಯಕ್ಕೆ ಹೇಗೆ ಇಳಿಸಲಿ? ಬೆಂಚಿನ ಮೇಲೆ ಕೂರು ಅಂದೆ. ಸರಿ ಅಂದ."

ಅಂದರೆ ಅವನು ಇಳಿಯುವುದಿಲ್ಲ ಎಂದದ್ದು ಸಿಟ್ಟಿನಿಂದಲ್ಲ. ಅವನನ್ನು ಕೂರಿಸಿದ್ದರು, ನಮಗೆ ಹೇಳಿರಲಿಲ್ಲ.

ಮನೆಗೆ ಬಂದು ತನುಶ್ರೀಯನ್ನು ಕೇಳಿದೆ. ಅವಳಿಗೆ ಗೊತ್ತಿತ್ತು. "ಅಪ್ಪ ಹೇಳಿಕೊಟ್ರು ಅಂದ್ರೆ ಕೋಚು ಅಪ್ಪನ್ನ ದಡ್ಡ ಅಂದ್ಕೋತಾರಂತೆ. ಅದಕ್ಕೇ ಹೇಳಲ್ವಂತೆ. ನಿಮ್ಗೆ ಹೇಳ್ಬೇಡ ಅಂತ ನನ್ನತ್ರ ಪ್ರಾಮಿಸ್ ತಗೊಂಡಿದ್ದ" ಅಂದಳು. ನನಗೆ ಆದ ನಾಚಿಕೆಯನ್ನು ಹೇಗೆ ಬರೆಯಲಿ? ಹದಿನೇಳು ವರ್ಷದ ಹುಡುಗ ನನ್ನನ್ನು ಕಾಯುತ್ತಿದ್ದ, ನಾನು ಅವನ ಪರವಾಗಿ ಹೋರಾಡುತ್ತಿದ್ದೇನೆ ಎಂದುಕೊಂಡು ಅವನ ನಿದ್ದೆ ಕೆಡಿಸುತ್ತಿದ್ದೆ.

ಮಾರನೆಯ ದಿನ ಮತ್ತೆ ಕೋಚ್ ಹತ್ತಿರ ಹೋಗಿ ಕಬಡ್ಡಿಯಿಂದ ಹಿಡಿದು ಎಲ್ಲ ಹೇಳಿದೆ. ಪಾರ್ಕಿಂಗ್ ಲಾಟಿನಲ್ಲಿ ನೆಲದ ಮೇಲೆ ಬಿದ್ದು ಚಾಚುವುದನ್ನೂ ತೋರಿಸಿದೆ, ಪ್ಯಾಂಟು ಮೊಣಕಾಲಿನಲ್ಲಿ ಹರಿಯಿತು. ಅವರು ಬಹಳ ಹೊತ್ತು ನೋಡಿ, "ಯೋಚನೆ ಮಾಡುತ್ತೇನೆ" ಅಂದರು. ಮುಂದಿನ ಗುರುವಾರ ಅವನು ಇಳಿಯುತ್ತಾನೋ ಇಲ್ಲವೋ ಗೊತ್ತಿಲ್ಲ.

ಅರ್ಜಿ ಕಳಿಸಲಿಲ್ಲ.

ನಾಗರಾಜ


ಫ್ಲೋರಲ್ ಪಾರ್ಕ್
೨೩ ನವೆಂಬರ್ ೨೦೨೫

ನಾಗರಾಜ ಅವರೇ,

ನೀವು ಅರ್ಜಿ ಕಳಿಸಲಿಲ್ಲವಾದ್ದರಿಂದ ಈಗ ಒಂದು ವಿಷಯ ಹೇಳಬಹುದು.

ವಿಡಿಯೊದಲ್ಲಿ ಚೆಂಡಿನ ವಿಷಯ ಸ್ಪಷ್ಟವಿಲ್ಲ ಎಂದು ಬರೆದಿದ್ದೆ. ಸ್ಪಷ್ಟವಾಗಿಯೇ ಇದೆ. ಮೊಣಕಾಲು ಅಡ್ಡ ಬರುವ ಮುಂಚೆ ಚೆಂಡು ಗೆರೆಯ ಈಚೆ ನಿಂತಿದೆ. ಮೊಣಕಾಲು ಸರಿದ ಮೇಲೆ ಎದುರಿನ ತಂಡದ ಹುಡುಗನೊಬ್ಬ ಅದನ್ನು ಬಾಚಿಕೊಳ್ಳಲು ಹೋಗುತ್ತಾನೆ, ಚೆಂಡು ಅವನ ಅಂಗೈಗೆ ತಾಗಿ ಮುಂದೆ ಉರುಳುತ್ತದೆ. ಗೆರೆ ದಾಟಿದ್ದು ಅವನ ಬಲದಿಂದ. ಟಚ್‌ಬ್ಯಾಕ್ ಅಲ್ಲ, ಸೇಫ್ಟಿ. ಎರಡು ಅಂಕ ನಿಮ್ಮವರಿಗೆ ಬರಬೇಕಿತ್ತು. ಇಪ್ಪತ್ತೆರಡು-ಇಪ್ಪತ್ತೊಂದು. ನೀವು ಮೊದಲಿನಿಂದ ಹೇಳಿದ್ದೇ ಸರಿ.

ಆ ತೀರ್ಪು ಕೊಟ್ಟವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಹೇಳುತ್ತಿದ್ದೆ. ಚೆಂಡು ಜಾರುವುದನ್ನು ಕಂಡ ಕಣ್ಣು ಅದು ಆಚೆ ಹೋಗುವುದನ್ನು ಕಾಯುತ್ತದೆ, ಮಧ್ಯೆ ನಿಂತದ್ದನ್ನು ಕಾಣುವುದಿಲ್ಲ.

ನಿಮಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನೀವು ನಿಲ್ಲುತ್ತಿರಲಿಲ್ಲ. ಪಂದ್ಯ ವಾಪಸು ಬರುವುದಿಲ್ಲ. ಅರ್ಜಿ ಎಲ್ಲೆಲ್ಲೋ ಸುತ್ತಿ ಕಡೆಗೆ ಹುಡುಗನ ಮುಂದೆ ಬಂದು ನಿಲ್ಲುತ್ತಿತ್ತು, ಯಾಕೆ ಚಾಚಿದೆ ಎಂಬ ಪ್ರಶ್ನೆಯೊಂದಿಗೆ. ನಿಮ್ಮ ಧ್ವನಿ ಕೇಳಿದ ಮೇಲೆ ಅವನ ಉತ್ತರ ಏನಿರಬಹುದು ಎಂದು ಊಹಿಸಿದೆ. ಲ್ಯಾಬಿನಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆಯುವುದು ನನ್ನ ವೃತ್ತಿ. ಹೀಗೆ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ.

ಅವನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಹೇಳುವುದಾದರೆ ಗುರುವಾರದ ಪಂದ್ಯ ಆದ ಮೇಲೆ ಹೇಳಿ.

ಮೊಣಕಾಲಿಗೆ ಏನಾದರೂ ಹಚ್ಚಿದಿರಾ? ಪಾರ್ಕಿಂಗ್ ಲಾಟು ಕಬಡ್ಡಿಯ ಅಂಕಣವಲ್ಲ.

ಪ್ರಭಾ


ವೆಸ್ಟ್ ವಿಂಡ್ಸರ್
೨೮ ನವೆಂಬರ್ ೨೦೨೫

ಪ್ರಭಕ್ಕ,

ಹೀಗೆ ಕರೆಯುವುದಕ್ಕೆ ನಿಮ್ಮ ಅಪ್ಪಣೆ ಕೇಳಿಲ್ಲ. ಬೇಡವೆಂದರೆ ತಿದ್ದಿ ಬರೆಯಿರಿ.

ನಿಮ್ಮ ಪತ್ರ ಓದಿದ ದಿನ ಅರ್ಜಿಯ ಫೈಲು ಮತ್ತೆ ತೆಗೆದೆ. ಸುಳ್ಳು ಹೇಳುವುದಿಲ್ಲ. ಸರಿಯಾಗಿಯೇ ಇದ್ದೆನಲ್ಲ ಎಂಬ ಸಂತೋಷ ಒಂದು ಗಳಿಗೆ ತಲೆಗೇರಿತು. ಆಮೇಲೆ ಮುಚ್ಚಿಟ್ಟೆ.

ನಿನ್ನೆ ಬೆಳಿಗ್ಗೆ ಪಂದ್ಯ. ಮೊದಲರ್ಧ ಅಭಿನವ್ ಬೆಂಚಿನ ಮೇಲೆಯೇ ಇದ್ದ. ಎರಡನೇ ಅರ್ಧದಲ್ಲಿ ಕೋಚ್ ಅವನ ಹೆಲ್ಮೆಟ್ಟಿನ ಮೇಲೆ ತಟ್ಟಿ ಕಳಿಸಿದರು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಬಾಯಿಗೆ ತನುಶ್ರೀಯ ಮಫ್ಲರು. ಒಮ್ಮೆ ಅವನು ಅದೇ ರೀತಿ ಬಲ ಅಂಚಿನಲ್ಲಿ ಓಡಿ ಬಂದ. ಗೆರೆಯ ಹತ್ತಿರ ಹಿಂದಿನಿಂದ ಹಿಡಿದರು. ಅವನು ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಮಡಿಸಿಕೊಂಡು ಬಿದ್ದ. ಗೆರೆಗೆ ಒಂದು ಗಜ ಕಡಿಮೆ. ನಮ್ಮ ಕಡೆಯವರೆಲ್ಲ ನಿಟ್ಟುಸಿರು ಬಿಟ್ಟರು, ನಾನೊಬ್ಬ ಎದ್ದು ನಿಂತು ಚಪ್ಪಾಳೆ ಹೊಡೆದೆ. ಮುಂದಿನ ಸಲ ಚೆಂಡು ಬೇರೆ ಹುಡುಗನ ಕೈಗೆ ಹೋಯಿತು, ಅವನು ಗೆರೆ ದಾಟಿದ. ಗೆದ್ದೆವು.

ಮನೆಯಲ್ಲಿ ಚಿತ್ರಾನ್ನ, ಹೋಳಿಗೆ, ಕ್ರ್ಯಾನ್‌ಬೆರಿ ಗೊಜ್ಜು. ಊಟವಾದ ಮೇಲೆ ಅವನಿಗೆ ನಿಮ್ಮ ವಿಷಯ ಹೇಳಿದೆ. ಚೆಂಡು ನಿಂತಿತ್ತಂತೆ, ಆ ಹುಡುಗ ತಳ್ಳಿದನಂತೆ, ನಿಜಕ್ಕೂ ನೀವು ಗೆದ್ದಿದ್ದಿರಿ ಅಂತ. ಅವನು ಗೊಜ್ಜು ನೆಕ್ಕುತ್ತಾ, "ಐ ನೋ" ಅಂದ. ಕೆನ್ನೆ ನೆಲಕ್ಕೆ ಒತ್ತಿ ಬಿದ್ದಿದ್ದನಂತೆ, ಚೆಂಡು ಕಣ್ಣೆದುರೇ ನಿಂತದ್ದು ಕಂಡಿತ್ತಂತೆ. "ಮತ್ತೆ ಯಾಕೋ ಹೇಳಲಿಲ್ಲ?" ಅಂದೆ. "ಯೂ ವುಡ್ ಹ್ಯಾವ್ ಸೆಂಟ್ ಇಟ್, ಅಪ್ಪ" ಅಂದ.

ಎದ್ದು ತಟ್ಟೆ ತೊಳೆಯಲು ಹೋದೆ. ಹಿಂದಿನಿಂದ ಬಂದು, "ಹೊರಗೆ ಬಾ" ಅಂದ. ಅವನು ತಾನಾಗಿ ಕನ್ನಡ ಮಾತಾಡಿ ಎಷ್ಟೋ ದಿನವಾಗಿತ್ತು.

ಹುಲ್ಲು ಒಣಗಿತ್ತು, ಬೇಸಿಗೆಯ ಸುಣ್ಣದ ಗೆರೆ ಮಸುಕಾಗಿ ಉಳಿದಿತ್ತು. ಅವನು ಆಚೆ ಹೋಗಿ ಮೊಣಕಾಲ ಮೇಲೆ ಕೈಯಿಟ್ಟು ನಿಂತ. ನಾನು ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಎಂದು ಹೋದೆ. ಹಿಂದೆಲ್ಲ ನಾನು ಅವನ ಕಾಲು ಹಿಡಿಯುತ್ತಿದ್ದೆ, ನಿನ್ನೆ ಅವನು ನನ್ನದು ಹಿಡಿದ. ಧೊಪ್ಪನೆ ಬಿದ್ದೆ. ಹಿಂದಿನ ಡೆಕ್ ಜಗುಲಿಯ ಮೇಲಿನಿಂದ ತನುಶ್ರೀ, "ಚಾಚ್ರೀ! ಕೈ ಚಾಚ್ರೀ!" ಎಂದು ಕೂಗಿ ಬಿದ್ದು ಬಿದ್ದು ನಗುತ್ತಿದ್ದಳು. ಭುಜ ನೆಲಕ್ಕೆ ಕೊಟ್ಟು, ಇದ್ದಷ್ಟೂ ಉಸಿರಿನಲ್ಲಿ ಚಾಚಿದೆ. ನನ್ನ ಬೆರಳ ಮುಂದೆಯೇ ಗೆರೆ ಎಲ್ಲಿ ಮುಗಿಯುತ್ತದೆ, ಹುಲ್ಲು ಎಲ್ಲಿ ಶುರುವಾಗುತ್ತದೆ ಎಂದು ಸರಿಯಾಗಿ ಕಾಣುವಂತಿರಲಿಲ್ಲ. ಉಸಿರು ಮುಗಿಯಿತು.

"ಮುಟ್ತಾ ಅಪ್ಪ?" ಎಂದು ಕೇಳಿದ.

ಅವನು ಬಿದ್ದಲ್ಲಿಂದ ಅವನಿಗೆ ಕಾಣುತ್ತಿರಲಿಲ್ಲ. ಹೌದು ಎಂದಿದ್ದರೆ ನಂಬುತ್ತಿದ್ದ.

"ಇಲ್ಲ ಕಣೋ, ಔಟ್" ಅಂದೆ.

ಆಟ ಮುಗಿದಿತ್ತು. ಆದರೂ ಅವನು ನನ್ನ ಕಾಲನ್ನು ಸ್ವಲ್ಪ ಹೊತ್ತು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ನಿಮ್ಮ ತಮ್ಮ,
ನಾಗರಾಜ